ಹಿಟ್ಟು ಬೆಳ್ಳಗಾಗಬೇಕಿತ್ತು

ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಮಿಸಿಸಿಪ್ಪಿ ನದಿಯ ಎರಡೂ ದಡದಲ್ಲಿ ಎರಡು ದೊಡ್ಡ ಬೋರ್ಡುಗಳು ಎದುರುಬದುರಾಗಿ ನಿಂತಿವೆ. ಈಚೆ ದಡದಲ್ಲಿ ‘ಗೋಲ್ಡ್ ಮೆಡಲ್ ಫ್ಲೋರ್’. ಆಚೆ ದಡದಲ್ಲಿ ‘ಪಿಲ್ಸ್‌ಬರೀಸ್ ಬೆಸ್ಟ್ ಫ್ಲೋರ್’. ಎರಡೂ ಹಿಟ್ಟಿನ ಬ್ರಾಂಡುಗಳು. ಒಂದೊಂದು ಅಕ್ಷರವೂ ಆಳೆತ್ತರಕ್ಕಿಂತ ಜಾಸ್ತಿ. ಹೊಸಬರು ನೋಡಿದರೆ ಒಳಗೆ ಹಗಲೂ ರಾತ್ರಿ ಗೋಧಿ ಬೀಸುತ್ತಿರಬೇಕು ಅಂದುಕೊಳ್ಳಬೇಕು, ಹಾಗಿದೆ ಅವುಗಳ ಠೀವಿ. ಅಲ್ಲಿ ಬೀಸುವುದು ನಿಂತು ಎಷ್ಟೋ ವರ್ಷಗಳಾದವು. ಈಚೆ ದಡದ ಬೋರ್ಡಿನ ಕೆಳಗಿರುವುದು ವಾಶ್‌ಬರ್ನ್ ಎ ಮಿಲ್. ಈಗ ಅರ್ಧ ಮ್ಯೂಸಿಯಂ, ಅರ್ಧ ಸುಟ್ಟು ನಿಂತ ಗೋಡೆ.

ಆ ಗೋಡೆಯಲ್ಲೊಂದು ಬರಹದ ಕಲ್ಲಿದೆ. 1878ರ ಮೇ 2ರಂದು ಹಿಟ್ಟಿನ ದೂಳು ಹೊತ್ತಿಕೊಂಡು ಇಲ್ಲಿದ್ದ ಗಿರಣಿ ಕಲ್ಲಿನ ಮೇಲೆ ಕಲ್ಲು ಉಳಿಯದಂತೆ ನೆಲಸಮವಾಯಿತು, ಒಳಗಿದ್ದವರೆಲ್ಲ ಆ ಕ್ಷಣದಲ್ಲೇ ಸತ್ತರು ಎಂಬ ಮಾತು. ಅದರ ಕೆಳಗೆ ಸತ್ತವರ ಹೆಸರುಗಳು. ಒಳಗೆ ಹೋದರೆ ಮ್ಯೂಸಿಯಂ ಹೇಳುವ ಕಥೆಯೇ ಬೇರೆ: ಈ ಊರು ಹೇಗೆ ಜಗತ್ತಿಗೇ ಬಿಳಿ ಹಿಟ್ಟು ಕೊಟ್ಟಿತು, ಹೇಗೆ ಪದಕ ಗೆದ್ದಿತು. ಹೊರಗಿನದು ಅಪಘಾತದ ಕಥೆ, ಒಳಗಿನದು ಗೆಲುವಿನ ಕಥೆ. ನೋಡಿ ಬಂದಾಗಿನಿಂದ ನನಗೆ ಈ ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಲು ಆಗುತ್ತಿಲ್ಲ. ಹಿಟ್ಟನ್ನು ಬೆಳ್ಳಗೆ ಮಾಡಿದ ಗಾಳಿಯೇ ಗಿರಣಿಯನ್ನೂ ಹಾರಿಸಿತು ಅಂತ ನನ್ನ ಲೆಕ್ಕ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಚುಕ್ಕೆ ಬಿದ್ದ ಹಿಟ್ಟು

ಕ್ಯಾಡ್ವಾಲಡರ್ ವಾಶ್‌ಬರ್ನ್ ಹಿಟ್ಟಿನ ಮನೆತನದವನಲ್ಲ. ವಿಸ್ಕಾನ್ಸಿನ್‌ನ ವಕೀಲ, ಜಮೀನು ವ್ಯವಹಾರಸ್ಥ, ಅಂತರ್ಯುದ್ಧದಲ್ಲಿ ಮೇಜರ್ ಜನರಲ್, ಆಮೇಲೆ ಅದೇ ರಾಜ್ಯದ ಗವರ್ನರ್. 1866ರಲ್ಲಿ ಸೇಂಟ್ ಆಂಥನಿ ಜಲಪಾತದ ಪಕ್ಕ ತನ್ನ ಮೊದಲ ದೊಡ್ಡ ಗಿರಣಿ ಕಟ್ಟಿಸಿದಾಗ ಊರಿನವರು ಅದಕ್ಕೆ ‘ವಾಶ್‌ಬರ್ನ್‌ನ ಹುಚ್ಚಾಟ’ ಅಂತ ಹೆಸರಿಟ್ಟರು. ಅಷ್ಟೊಂದು ಹಿಟ್ಟು ಯಾರಿಗೆ ಮಾರುತ್ತಾನೆ ಎಂಬುದು ಅವರ ಪ್ರಶ್ನೆ. ತಪ್ಪು ಪ್ರಶ್ನೆಯೇನಲ್ಲ. ಯಾಕೆಂದರೆ ಅಲ್ಲಿ ಬೆಳೆಯುತ್ತಿದ್ದ ಗೋಧಿಯೇ ತಕರಾರಿನದು.

ಮಿನ್ನೆಸೋಟದ ಚಳಿಗಾಲಕ್ಕೆ ಶರತ್ಕಾಲದಲ್ಲಿ ಬಿತ್ತಿದ ಗೋಧಿ ಬದುಕುವುದಿಲ್ಲ. ಹಾಗಾಗಿ ಹಿಮ ಕರಗಿದ ಮೇಲೆ ಬಿತ್ತುವ ವಸಂತದ ಗೋಧಿಯೇ ಗತಿ. ಅದರ ಕಾಳು ಬಲು ಗಟ್ಟಿ. ಮೇಲಿನ ಸಿಪ್ಪೆ ಮಾತ್ರ ಒಣಗಿದ ಎಲೆಯಷ್ಟು ಪೆಡಸು. ಎರಡು ಬೀಸುಕಲ್ಲುಗಳನ್ನು ಹತ್ತಿರ ಕೂರಿಸಿ ಜೋರಾಗಿ ತಿರುಗಿಸಿದರೆ ಸಿಪ್ಪೆ ಪುಡಿಪುಡಿಯಾಗಿ ಹಿಟ್ಟಿನ ಜತೆ ಸೇರಿಬಿಡುತ್ತಿತ್ತು. ಎಷ್ಟು ಸಣ್ಣ ಜರಡಿಗೆ ಹಾಕಿದರೂ ಕಂದು ಚುಕ್ಕೆಗಳು ಹೋಗುತ್ತಿರಲಿಲ್ಲ. ಕಲ್ಲಿನ ಬಿಸಿಗೆ ಹಿಟ್ಟಿನ ಬಣ್ಣವೂ ಕೆಡುತ್ತಿತ್ತು, ಬಹಳ ದಿನ ಇಟ್ಟರೆ ಕಮಟು ವಾಸನೆ. ದಕ್ಷಿಣದ ಮೆತ್ತನೆ ಗೋಧಿಯ ಹಿಟ್ಟು ಒಳ್ಳೆ ಬೆಲೆಗೆ ಹೋಗುತ್ತಿದ್ದಾಗ ಮಿನ್ನೆಸೋಟದ ಹಿಟ್ಟಿಗೆ ಕಡಿಮೆ ಬೆಲೆ. ವಿಚಿತ್ರ ಅಂದರೆ ಅಂಟಿನ ಅಂಶ ಜಾಸ್ತಿ ಇದ್ದದ್ದು ಈ ಗಟ್ಟಿ ಗೋಧಿಯಲ್ಲೇ. ಬ್ರೆಡ್ ಉಬ್ಬಲು ಬೇಕಾದದ್ದೇ ಅದು. ಆ ಒಳ್ಳೆಯ ಭಾಗ ಇದ್ದದ್ದು ಕಾಳಿನ ಒಡಲಿನಲ್ಲಿ, ಸಿಪ್ಪೆಗೆ ಹತ್ತಿರದಲ್ಲಿ. ಬೀಸಿದಾಗ ಅದು ನುಣ್ಣಗಾಗದೆ ರವೆಯಂಥ ತರಿಯಾಗಿ ಉಳಿಯುತ್ತಿತ್ತು. ಆ ತರಿಯ ತುಂಬ ಸಿಪ್ಪೆಯ ಚೂರು. ಹಾಗಾಗಿ ಅದು ಎರಡನೇ ದರ್ಜೆಯ ಮಾಲು.

1870ರ ದಶಕದ ಶುರುವಿನಲ್ಲಿ ಎಡ್ಮಂಡ್ ಲಾಕ್ರಾ ಎಂಬ ಫ್ರೆಂಚ್ ಮೂಲದ ಕಸುಬುದಾರ ವಾಶ್‌ಬರ್ನ್ ಗಿರಣಿಯಲ್ಲಿ ಕೂತು ಈ ತರಿಯನ್ನು ಸ್ವಚ್ಛ ಮಾಡುವ ಯಂತ್ರ ಕಟ್ಟಿದ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಇಳಿಜಾರಾಗಿ ಇಟ್ಟ ರೇಷ್ಮೆ ಬಟ್ಟೆಯ ಜರಡಿ. ಅದು ಅಲ್ಲಾಡುತ್ತಿರುತ್ತದೆ. ಕೆಳಗಿನಿಂದ ಬಟ್ಟೆಯ ಮೂಲಕ ಗಾಳಿ ಮೇಲಕ್ಕೆ ಬರುತ್ತದೆ. ಸಿಪ್ಪೆ ಚೂರು ಹಗುರ, ಗಾಳಿಗೆ ಎದ್ದು ಹೋಗುತ್ತದೆ. ತರಿ ಭಾರ, ಬಟ್ಟೆಯಿಂದ ಕೆಳಗೆ ಬೀಳುತ್ತದೆ. ಮೊರದಲ್ಲಿ ತೂರುವವರಿಗೆಲ್ಲ ಗೊತ್ತಿರುವ ವಿದ್ಯೆಯೇ. ಆದರೆ ಬಟ್ಟೆಯ ತೂತು ಹಿಟ್ಟಿನಿಂದ ಕಟ್ಟಿಕೊಳ್ಳುವುದು ದೊಡ್ಡ ತಲೆನೋವಾಗಿತ್ತು. ಜಾರ್ಜ್ ಸ್ಮಿತ್ ಎಂಬಾತ ಜರಡಿಯ ಅಡಿಯಲ್ಲಿ ಅತ್ತಿಂದಿತ್ತ ಓಡಾಡುವ ಬ್ರಷ್ ಕೂರಿಸಿದ ಮೇಲೆ ಯಂತ್ರ ನಿಜಕ್ಕೂ ಕೆಲಸಕ್ಕೆ ಬಂತು. ಆಚೆ ದಡದ ಪಿಲ್ಸ್‌ಬರಿಯವರು ಸುಮ್ಮನೆ ಕೂರಲಿಲ್ಲ. ಸ್ಮಿತ್‌ನನ್ನೇ ತಮ್ಮ ಕಡೆ ಎಳೆದುಕೊಂಡರು. ಸ್ವಚ್ಛ ಮಾಡಿದ ತರಿಯನ್ನು ಮತ್ತೆ ಬೀಸಿದರೆ ಬಂದದ್ದು ಅಪ್ಪಟ ಬಿಳಿ ಹಿಟ್ಟು. ನಿನ್ನೆಯವರೆಗೆ ಎರಡನೇ ದರ್ಜೆಯ ಮಾಲಾಗಿದ್ದದ್ದು ಈಗ ಎಲ್ಲಕ್ಕಿಂತ ದುಬಾರಿ ಹಿಟ್ಟು. ಆ ದುಡ್ಡಿನ ಭರವಸೆಯ ಮೇಲೆಯೇ 1874ರಲ್ಲಿ ಏಳಂತಸ್ತಿನ ಎ ಮಿಲ್ ಎದ್ದು ನಿಂತದ್ದು.

ಒಂದು ವಿಷಯ ಮಾತ್ರ ಇಲ್ಲಿ ಗಮನಿಸಬೇಕು. ಸಿಪ್ಪೆಯನ್ನು ಎತ್ತಿಕೊಂಡು ಹೋದ ಆ ಗಾಳಿ ಎಲ್ಲಿಗೆ ಹೋಯಿತು? ಜತೆಗೆ ನುಣ್ಣನೆ ಹಿಟ್ಟನ್ನೂ ಹೊತ್ತುಕೊಂಡೇ ಹೋಯಿತಲ್ವಾ?

ಮೇ ತಿಂಗಳ ಸಂಜೆ

ನನ್ನನ್ನು ಮ್ಯೂಸಿಯಂಗೆ ಕರೆದುಕೊಂಡು ಹೋದದ್ದು ನನ್ನ ತಂಗಿಯ ಮಗಳು. ಆ ಊರಿನಲ್ಲೇ ಕೆಲಸ ಮಾಡುತ್ತಾಳೆ. ಬರಹದ ಕಲ್ಲಿನ ಮುಂದೆ ನಿಂತು ಹುಬ್ಬು ಗಂಟಿಕ್ಕಿದಳು. “ದೊಡ್ಡಮ್ಮಾ, ಮೈದಾ ಸಿಡಿಯುತ್ತಾ? ಡಬ್ಬದೊಳಗೆ ಕಡ್ಡಿ ಗೀರಿ ಹಾಕಿದ್ರೂ ಹತ್ಕೊಳ್ಳಲ್ವಲ್ಲ?” ಅಂದಳು. ಎಂಜಿನಿಯರಿಂಗ್ ಓದಿದವಳು, ಅವಳಿಗೇ ಈ ಅನುಮಾನ. “ಡಬ್ಬದಲ್ಲಿ ಹತ್ಕೊಳ್ಳಲ್ಲ ಕಣೇ, ಗಾಳೀಲಿ ಹತ್ಕೊಳ್ಳುತ್ತೆ” ಅಂದೆ. ಅವಳು ನಂಬಲಿಲ್ಲ. ಫೋನ್ ತೆಗೆದು ಹುಡುಕಿದಳು.

ನಾನು ಅಷ್ಟು ಗಟ್ಟಿಯಾಗಿ ಹೇಳಲು ಕಾರಣ ನಮ್ಮ ಬೀದಿಯ ಹಿಟ್ಟಿನ ಗಿರಣಿ. ಚಿಕ್ಕವಳಿದ್ದಾಗ ಡಬ್ಬ ಹೊತ್ತುಕೊಂಡು ಹೋಗಿ ಸಾಲಿನಲ್ಲಿ ಕೂರುತ್ತಿದ್ದೆ. ಗಿರಣಿಯವರ ರೆಪ್ಪೆಗೂದಲೂ ಬೆಳ್ಳಗಿರುತ್ತಿತ್ತು. ತುಂಬ ಮೆದು ಮನುಷ್ಯ. ಯಾರಾದರೂ ಬಾಗಿಲೊಳಗೆ ಬೀಡಿ ಹಚ್ಚಿದರೆ ಮಾತ್ರ ಅವರ ದನಿಯೇ ಬೇರೆಯಾಗುತ್ತಿತ್ತು. ಬೈದು, ರಸ್ತೆ ದಾಟಿಸಿ ಬಿಟ್ಟೇ ಬರುತ್ತಿದ್ದರು. ಯಾಕೆ ಅಂತ ಅವರು ವಿವರಿಸಿದ್ದಿಲ್ಲ. ಅವರಿಗೆ ಗೊತ್ತಿತ್ತು, ಅಷ್ಟೆ.

ಗುಡ್ಡೆ ಹಾಕಿದ ಹಿಟ್ಟಿಗೆ ಬೆಂಕಿ ತಾಗಿದರೆ ಮೇಲ್ಪದರ ಕಪ್ಪಾಗಿ ಹೊಗೆಯಾಡುತ್ತದೆ. ಒಳಗೆ ಗಾಳಿ ಸಿಗುವುದಿಲ್ಲ. ಅದೇ ಹಿಟ್ಟು ಮೋಡವಾಗಿ ತೇಲುತ್ತಿದ್ದರೆ ಪ್ರತಿ ಕಣದ ಸುತ್ತಲೂ ಗಾಳಿ. ಒಂದು ಕಣ ಹೊತ್ತಿದರೆ ಪಕ್ಕದ್ದು, ಅದರ ಪಕ್ಕದ್ದು, ಹೀಗೆ ಕಣ್ಣು ಮಿಟುಕಿಸುವುದರೊಳಗೆ ಇಡೀ ಕೋಣೆ. ಬಯಲಾದರೆ ಭುಗ್ ಅಂದು ಮುಗಿಯುತ್ತದೆ. ನಾಲ್ಕು ಗೋಡೆಯೊಳಗಾದರೆ ಒತ್ತಡ ಏರಿ ಗೋಡೆಯೇ ಹಾರುತ್ತದೆ. ಇನ್ನೂ ಕೆಟ್ಟದ್ದು ಎರಡನೆಯ ಸಿಡಿತ. ಮೊದಲನೆಯದು ಚಿಕ್ಕದೇ ಇರಬಹುದು. ಆದರೆ ಆ ಅದುರಿಗೆ ತೊಲೆಗಳ ಮೇಲೆ, ಬೆಲ್ಟುಗಳ ಮೇಲೆ, ಕಿಟಕಿ ಅಂಚಿನಲ್ಲಿ ತಿಂಗಳುಗಟ್ಟಲೆ ಕೂತ ದೂಳೆಲ್ಲ ಒಮ್ಮೆಗೇ ಏಳುತ್ತದೆ. ಬೆಂಕಿ ಅದರೊಳಕ್ಕೆ ನುಗ್ಗುತ್ತದೆ. ಗುಡಿಸದೆ ಬಿಟ್ಟ ದೂಳೇ ಹೆಚ್ಚಾಗಿ ಜೀವ ತೆಗೆಯುವುದು.

1878ರ ಮೇ 2, ಸಂಜೆ ಏಳರ ಹೊತ್ತು. ಹಗಲು ಪಾಳಿಯ ದೊಡ್ಡ ದಂಡು ಮನೆಗೆ ಹೋಗಿತ್ತು. ರಾತ್ರಿ ಪಾಳಿಯ 14 ಜನ ಒಳಗಿದ್ದರು. ಬೀಸುಕಲ್ಲುಗಳ ನಡುವೆ ಕಾಳು ಸಾಲದೆ ಕಲ್ಲಿಗೆ ಕಲ್ಲು ಉಜ್ಜಿ ಕಿಡಿ ಹಾರಿರಬೇಕು ಎಂಬುದು ಆಮೇಲೆ ಕಟ್ಟಿದ ಊಹೆ. ಎ ಮಿಲ್ ಸಿಡಿಯಿತು. ಅದರ ಬೆನ್ನಿಗೇ ಪಕ್ಕದ ಎರಡು ಗಿರಣಿಗಳು ಸಿಡಿದವು. ಇನ್ನೂ ಕೆಲವಕ್ಕೆ ಬೆಂಕಿ ಹಬ್ಬಿತು. ಪಕ್ಕದ ಗಿರಣಿಗಳಲ್ಲಿ ನಾಲ್ವರು ಸತ್ತರು. ಒಟ್ಟು 18 ಜನ. ಸದ್ದು ಹತ್ತು ಮೈಲಿ ಆಚೆಯ ಸೇಂಟ್ ಪಾಲ್‌ಗೂ ಕೇಳಿಸಿತಂತೆ. ಊರಿನ ಹಿಟ್ಟಿನ ಉದ್ಯಮದ ದೊಡ್ಡ ಪಾಲು ಒಂದೇ ಸಂಜೆಯಲ್ಲಿ ಮಾಯ.

ಜನ ಮೊದಲು ನಂಬಿದ್ದು ಬೇರೇನನ್ನೋ. ಗಿರಣಿಯೊಳಗೆ ಯಾರೋ ಸಿಡಿಮದ್ದು ಇಟ್ಟಿದ್ದರಂತೆ ಅಂತೆಲ್ಲ ಪುಕಾರು. ಹಿಟ್ಟು ಇಂಥ ಕೆಲಸ ಮಾಡೀತು ಅಂತ ಒಪ್ಪಲು ಮನಸ್ಸಿಲ್ಲ. ಕೊನೆಗೆ ಮಿನ್ನೆಸೋಟ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಪೆಕಮ್ ಮತ್ತು ಪೆಕ್ ಹಿಟ್ಟಿನ ದೂಳನ್ನು ಗಾಳಿಯಲ್ಲಿ ಹಾರಿಸಿ, ಬೆಂಕಿ ತೋರಿಸಿ, ಸಿಡಿಸಿ ತೋರಿಸಿದರು.

ನನಗೆ ಸಿಟ್ಟು ಬರುವುದು ಇಲ್ಲಿ. ಇದು ಹೊಸ ಸಂಗತಿಯೇ ಆಗಿರಲಿಲ್ಲ. 1785ರಲ್ಲೇ ಇಟಲಿಯ ಟುರಿನ್‌ನಲ್ಲಿ ಬೇಕರಿಯೊಂದರ ಹಿಟ್ಟಿನ ಉಗ್ರಾಣ ದೀಪದ ಬೆಂಕಿಗೆ ಸಿಡಿದಿತ್ತು. ಮೊರೊಝೊ ಎಂಬ ಕೌಂಟ್ ಅದನ್ನು ವಿವರವಾಗಿ ಬರೆದಿಟ್ಟಿದ್ದ. ಅದು ತೀರಾ ಹಳೆಯದು ಅನ್ನೋಣ. 1872ರ ಜುಲೈ 9ರಂದು ಗ್ಲಾಸ್ಗೋದ ಟ್ರೇಡ್‌ಸ್ಟನ್ ಗಿರಣಿ ಹೀಗೇ ಹಾರಿತು. ಅಲ್ಲಿಯೂ ಸತ್ತವರು 18 ಜನ. ರ‍್ಯಾಂಕಿನ್‌ರಂಥ ಹೆಸರಾಂತ ಎಂಜಿನಿಯರ್ ತನಿಖೆ ಮಾಡಿ, ಕಾಳಿಲ್ಲದೆ ತಿರುಗಿದ ಕಲ್ಲಿನ ಕಿಡಿ ಹಿಟ್ಟಿನ ದೂಳಿಗೆ ತಾಗಿತು ಅಂತ ವರದಿ ಕೊಟ್ಟಿದ್ದರು. ಎ ಮಿಲ್ ಕಟ್ಟುವ ಎರಡು ವರ್ಷ ಮೊದಲಿನ ಮಾತು ಇದು. ಅಂದರೆ ಅಪಾಯ ಗೊತ್ತಿದ್ದ ಕಾಲದಲ್ಲೇ, ಎಲ್ಲರಿಗಿಂತ ಜಾಸ್ತಿ ಗಾಳಿ ಊದುವ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿದರು. ಪುಣ್ಯಕ್ಕೆ ‘ದೇವರ ಇಚ್ಛೆ’ ಅಂತ ಕಲ್ಲಿನ ಮೇಲೆ ಬರೆಸಲಿಲ್ಲ. ದೂಳು ಅಂತಲೇ ಬರೆಸಿದರು.

ಕಲ್ಲಿನಿಂದ ಉರುಳೆಗೆ

ವಾಶ್‌ಬರ್ನ್ ಸುದ್ದಿ ಸಿಕ್ಕ ಕೂಡಲೇ ಬಂದು, ಹೊಗೆಯಾಡುತ್ತಿದ್ದ ಜಾಗದಲ್ಲೇ ಹೆಜ್ಜೆ ಹಾಕಿ ಹೊಸ ಗಿರಣಿಯ ಅಳತೆ ತೆಗೆದ ಅಂತ ಕಥೆ. ಇದನ್ನು ಧೈರ್ಯ ಅಂತ ಹೊಗಳುತ್ತಾರೆ. ನನಗೆ ಅಷ್ಟು ಸಲೀಸಾಗಿ ಹೊಗಳಲು ಆಗುವುದಿಲ್ಲ. ಆದರೂ ಒಂದು ಮಾತು ಹೇಳಬೇಕು. 1882ರಲ್ಲಿ ಅವನು ತೀರಿಕೊಂಡಾಗ ಉಯಿಲಿನಲ್ಲಿ ಮಿನಿಯಾಪೊಲಿಸ್‌ನಲ್ಲಿ ಅನಾಥಾಲಯ ಕಟ್ಟಲು ದೊಡ್ಡ ಮೊತ್ತ ಬಿಟ್ಟಿದ್ದ.

ಹೊಸ ಗಿರಣಿ 1880ರಲ್ಲಿ ಶುರುವಾಯಿತು. ಅದರ ಹಿಂದಿನ ತಲೆ ವಿಲಿಯಂ ಡೆ ಲಾ ಬಾರ್ ಎಂಬ ವಿಯೆನ್ನಾದ ಎಂಜಿನಿಯರ್. ಗಿರಣಿ ಸಿಡಿದ ಸುದ್ದಿ ಕೇಳಿ, ದೂಳು ಹೀರುವ ಜರ್ಮನ್ ಯಂತ್ರ ಮಾರಲು ಬಂದವನು ಅಲ್ಲೇ ನಿಂತುಬಿಟ್ಟ. ಕೊನೆಗೂ ಗಾಳಿಗೆ ಒಂದು ದಾರಿ ಮಾಡಿದರು ಅನ್ನಿ. ಇನ್ನೊಂದು ಬದಲಾವಣೆ ಬೀಸುಕಲ್ಲಿನದೇ. ಹಂಗೇರಿಯವರು ಆಗಲೇ ಕಲ್ಲು ಬಿಟ್ಟು ಉರುಳೆಗಳಿಗೆ ಹೋಗಿದ್ದರು. ಗೀರು ಹಾಕಿದ ಎರಡು ಉರುಳೆ, ಒಂದು ಜೋರಾಗಿ, ಇನ್ನೊಂದು ಸ್ವಲ್ಪ ನಿಧಾನವಾಗಿ ತಿರುಗುತ್ತದೆ. ಕಾಳನ್ನು ಒಮ್ಮೆಗೇ ಜಜ್ಜುವುದಿಲ್ಲ. ಸೀಳಿ, ಕೆರೆದು, ಜರಡಿ ಹಿಡಿದು, ಮತ್ತೆ ಕೆರೆದು, ಹಂತಹಂತವಾಗಿ ಒಡಲನ್ನು ಬಿಡಿಸುತ್ತಾರೆ. ಡೆ ಲಾ ಬಾರ್ ಹಂಗೇರಿಗೆ ಹೋಗಿ, ಕೂಲಿಯವನ ಹಾಗೆ ಒಳಹೊಕ್ಕು, ರಾತ್ರಿ ನೆನಪಿನಿಂದ ಚಿತ್ರ ಬರೆದುಕೊಂಡ ಎಂಬ ಕಥೆ ಮಿನಿಯಾಪೊಲಿಸ್‌ನಲ್ಲಿ ಈಗಲೂ ಓಡಾಡುತ್ತದೆ. ಪತ್ತೇದಾರಿ ಕಥೆಯ ಹಾಗಿದೆ, ಇರಲಿ. ಅದೇ 1880ರಲ್ಲಿ ಸಿನ್ಸಿನಾಟಿಯ ಪ್ರದರ್ಶನದಲ್ಲಿ ವಾಶ್‌ಬರ್ನ್ ಹಿಟ್ಟಿಗೆ ಚಿನ್ನದ ಪದಕ ಬಂತು. ಬೋರ್ಡಿನ ಮೇಲಿನ ‘ಗೋಲ್ಡ್ ಮೆಡಲ್’ ಅದೇ. ಮರುವರ್ಷ ಆಚೆ ದಡದಲ್ಲಿ ಪಿಲ್ಸ್‌ಬರಿ ಇನ್ನೂ ದೊಡ್ಡದನ್ನು ಕಟ್ಟಿತು.

ಮ್ಯೂಸಿಯಂನಲ್ಲಿ ಹಳೆಯ ಸರಕು ಲಿಫ್ಟಿನಂಥದರಲ್ಲಿ ಬೆಂಚು ಹಾಕಿ ಕೂರಿಸುತ್ತಾರೆ. ಇಡೀ ಕೋಣೆಯೇ ಮೇಲೆ ಕೆಳಗೆ ಹೋಗುತ್ತದೆ. ಅಂತಸ್ತಿಗೊಂದು ಬಾರಿ ಬಾಗಿಲು ತೆರೆದು ಅಲ್ಲಿನ ಯಂತ್ರ ತೋರಿಸುತ್ತಾರೆ, ಹಿಂದೆ ಅಲ್ಲಿ ದುಡಿದವರ ಧ್ವನಿ ಕೇಳಿಸುತ್ತಾರೆ. ನನಗೆ ಆಗ ಹೊಳೆದದ್ದು ಗಿರಣಿ ಯಾಕೆ ಅಷ್ಟು ಎತ್ತರ ಅನ್ನುವುದು. ಗೋಧಿಯನ್ನು ಮೇಲಕ್ಕೆ ಹತ್ತಿಸಿದರೆ ಸಾಕು. ಆಮೇಲೆ ಅದು ತಾನಾಗಿಯೇ ಕೊಳವೆಗಳಲ್ಲಿ ಅಂತಸ್ತಿನಿಂದ ಅಂತಸ್ತಿಗೆ ಇಳಿಯುತ್ತ ಹೋಗುತ್ತದೆ. ಉರುಳೆ, ಜರಡಿ, ಗಾಳಿ, ಮತ್ತೆ ಮೇಲೆ. ಉಚ್ಛ್ರಾಯದ ದಿನಗಳಲ್ಲಿ ಈ ಒಂದೇ ಕಟ್ಟಡ ದಿನಕ್ಕೆ 100ಕ್ಕೂ ಹೆಚ್ಚು ರೈಲು ಡಬ್ಬಿ ಗೋಧಿಯನ್ನು ಬೀಸಿ ಸುಮಾರು 900 ಟನ್ ಹಿಟ್ಟು ಮಾಡಬಲ್ಲದಾಗಿತ್ತು. ತಂಗಿ ಮಗಳು ಲಿಫ್ಟಿನಲ್ಲಿ ನನ್ನ ಕಿವಿಯ ಹತ್ತಿರ ಬಂದು “ಕಸ ಗುಡಿಸೋಕೇ ಎಷ್ಟು ಜನ ಬೇಕಿತ್ತೋ” ಅಂದಳು. ಫೋನಿನಲ್ಲಿ ಓದಿದ್ದು ತಲೆಗೆ ಹತ್ತಿತ್ತು.

ನದಿಗೆ ಆದದ್ದು

ಮೇಲಿನ ಮಿಸಿಸಿಪ್ಪಿಯಲ್ಲಿ ದೊಡ್ಡ ಜಲಪಾತ ಅಂದರೆ ಈ ಸೇಂಟ್ ಆಂಥನಿ ಒಂದೇ. ಅಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನರಿಗೆ ಇದು ಒವಾಮ್ನಿಯೋಮ್ನಿ, ಪವಿತ್ರ ಜಾಗ. 1680ರಲ್ಲಿ ಬಂದ ಪಾದ್ರಿ ಹೆನೆಪಿನ್ ತನ್ನ ಸಂತನ ಹೆಸರಿಟ್ಟ. ಅಮೆರಿಕ ಸರ್ಕಾರದ ಜತೆಗಿನ 1862ರ ಯುದ್ಧದ ನಂತರ ಡಕೋಟಾ ಜನರನ್ನು ಮಿನ್ನೆಸೋಟದಿಂದಲೇ ಓಡಿಸಿದರು. ಗಿರಣಿಗಳಿಗೆ ಗೋಧಿ ಬಂದದ್ದು ಹಾಗೆ ಖಾಲಿಯಾದ ನೆಲದಿಂದಲೂ ಹೌದು. ಜಲಪಾತದ ಕೆಳಗೊಂದು ಪುಟ್ಟ ನಡುಗಡ್ಡೆಯಿತ್ತು. ಅವರ ಪ್ರೇತಗಳ ದ್ವೀಪ. ಅದರ ಕಲ್ಲನ್ನು ಕಟ್ಟಡಕ್ಕೆ ಅಂತ ಅಗೆದರು. ಈಗ ಅದು ಇಲ್ಲವೇ ಇಲ್ಲ.

ಗಿರಣಿಗಳು ನದಿಯ ನೀರನ್ನು ಪಕ್ಕದ ನಾಲೆಗೆ ತಿರುಗಿಸಿ, ನೆಲದಡಿಯ ಬಾವಿಗಳಿಗೆ ಬೀಳಿಸಿ, ಟರ್ಬೈನ್ ತಿರುಗಿಸಿ, ಸುರಂಗದಿಂದ ವಾಪಸು ಬಿಡುತ್ತಿದ್ದವು. ಮೇಲ್ಗಡೆ ಸುಣ್ಣಕಲ್ಲು ಗಟ್ಟಿ, ಅಡಿಯಲ್ಲಿ ಮೆದು ಮರಳುಗಲ್ಲು. 1869ರಲ್ಲಿ ಅಂಥದ್ದೊಂದು ಸುರಂಗ ಕೊರೆಯಲು ಹೋಗಿ ನದಿಯೇ ಒಳನುಗ್ಗಿತು. ಜಲಪಾತ ಕುಸಿದು ಬರೀ ರಭಸದ ಹರಿವಾಗಿಬಿಡುವ ಹಂತಕ್ಕೆ ಬಂತು. ಸೇನೆಯ ಎಂಜಿನಿಯರುಗಳು ಬಂದು ನೆಲದಡಿ ಕಾಂಕ್ರೀಟ್ ಗೋಡೆ ಕಟ್ಟಿ, ಮೇಲೆ ಮರದ ಹಾಸು ಹೊದಿಸಿದರು. ಈಗ ಅಲ್ಲಿ ಫೋಟೊ ತೆಗೆಸಿಕೊಳ್ಳುವವರ ಹಿಂದೆ ಕಾಣುವುದು ಕಾಂಕ್ರೀಟಿನ ಇಳಿಜಾರು. ಜಲಪಾತ ಅಂತ ಕರೆಯುವುದು ರೂಢಿ.

ಇಷ್ಟೆಲ್ಲ ಮಾಡಿದ ಮೇಲೂ ಗಿರಣಿಗಳು ನದಿಯ ಪಕ್ಕ ಉಳಿಯಲಿಲ್ಲ. 1880ರಿಂದ 1930ರವರೆಗೆ ದೇಶದಲ್ಲೇ ಅತಿ ಹೆಚ್ಚು ಹಿಟ್ಟು ಬೀಸಿದ ಊರು ಇದು. ಆಮೇಲೆ ಆ ಪಟ್ಟ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿಗೆ ಹೋಯಿತು. ಅಲ್ಲಿಗೆ ಸರೋವರಗಳ ಮೂಲಕ ಹಡಗಿನಲ್ಲಿ ಗೋಧಿ ಅಗ್ಗವಾಗಿ ಬರುತ್ತಿತ್ತು, ಕೆನಡಾದ್ದೂ ಬರುತ್ತಿತ್ತು. ರೈಲು ಬಾಡಿಗೆಯ ಲೆಕ್ಕ ಮಿನಿಯಾಪೊಲಿಸ್‌ಗೆ ತಿರುಗುಬಾಣವಾಯಿತು. ವಿದ್ಯುತ್ ಬಂದ ಮೇಲೆ ನೀರಿನ ಹಂಗೂ ಇರಲಿಲ್ಲ. ಎ ಮಿಲ್ 1965ರಲ್ಲಿ ಮುಚ್ಚಿತು, 1991ರಲ್ಲಿ ಸುಟ್ಟಿತು, 2003ರಲ್ಲಿ ಅದರ ಗೋಡೆಗಳೊಳಗೇ ಮ್ಯೂಸಿಯಂ ತೆರೆಯಿತು. ಪಾಳು ಗೋಡೆಗಳನ್ನು ಪಾಳಾಗಿಯೇ ಬಿಟ್ಟದ್ದು ನನಗಂತೂ ಇಷ್ಟವಾಯಿತು. ಸುಣ್ಣ ಬಳಿದು ಹೊಸದು ಮಾಡಿದ್ದರೆ ಬರೀ ಇನ್ನೊಂದು ಮಾಲ್ ಆಗುತ್ತಿತ್ತು.

ಬೂಸಾ

ಇಷ್ಟು ಒದ್ದಾಡಿ ಬೇರ್ಪಡಿಸಿದ ಸಿಪ್ಪೆಯ ಕಥೆ ಏನಾಯಿತು? ಬೂಸಾ ದನಗಳಿಗೆ ಹೋಯಿತು. ಮೊಳಕೆಯ ಭಾಗವೂ ಹೋಯಿತು. ಅದರಲ್ಲಿ ಎಣ್ಣೆಯಿದೆ, ಹಿಟ್ಟು ಕಮಟಾಗುವುದು ಅದರಿಂದಲೇ. ಅದು ಹೋದ ಮೇಲೆ ಬಿಳಿ ಹಿಟ್ಟು ತಿಂಗಳುಗಟ್ಟಲೆ ಕೆಡದೆ, ಸಮುದ್ರ ದಾಟಿ ಮಾರಾಟವಾಯಿತು. ಕಾಳಿನ ಬಿ ವಿಟಮಿನ್‌ಗಳು, ಕಬ್ಬಿಣದ ದೊಡ್ಡ ಪಾಲು ಇದ್ದದ್ದು ಮಾತ್ರ ತೆಗೆದು ಹಾಕಿದ ಭಾಗದಲ್ಲೇ. 1941ರಿಂದ ಅಮೆರಿಕದಲ್ಲಿ ಬಿಳಿ ಹಿಟ್ಟಿಗೆ ತಯಾಮಿನ್, ನಯಾಸಿನ್, ಕಬ್ಬಿಣವನ್ನು ವಾಪಸು ಬೆರೆಸಲು ಶುರುಮಾಡಿದರು. ಮೊದಲು ತೆಗೆಯುವುದಕ್ಕೆ ಯಂತ್ರ, ಆಮೇಲೆ ಸೇರಿಸುವುದಕ್ಕೆ ಯಂತ್ರ.

ವಾಶ್‌ಬರ್ನ್ ಕಂಪನಿಯವರು (ಪೂರ್ತಿ ಹೆಸರು ವಾಶ್‌ಬರ್ನ್ ಕ್ರಾಸ್ಬಿ ಕಂಪನಿ) ಮಾರುವ ವಿದ್ಯೆಯಲ್ಲಿ ಪಳಗಿದವರು. ಹಿಟ್ಟಿನ ಜಾಹೀರಾತಿಗೆ ಬಂದ ಪತ್ರಗಳಿಗೆ ಉತ್ತರ ಬರೆಯಲು 1921ರಲ್ಲಿ ಬೆಟ್ಟಿ ಕ್ರಾಕರ್ ಎಂಬ ಹೆಂಗಸನ್ನೇ ಸೃಷ್ಟಿಸಿದರು. ಅಂಥವರು ಯಾರೂ ಇರಲಿಲ್ಲ. ಊರಿನ ರೇಡಿಯೊ ಸ್ಟೇಷನ್ನಿಗೆ ಕಂಪನಿಯ ಹೆಸರಿನ ಮೊದಲಕ್ಷರಗಳನ್ನೇ ಇಟ್ಟರು. ಡಬ್ಲ್ಯು-ಸಿ-ಸಿ-ಓ ಇಂದಿಗೂ ಅದೇ ಹೆಸರಿನಲ್ಲಿ ಮಾತಾಡುತ್ತಿದೆ. ಬೂಸಾವನ್ನೂ ಬಿಡಲಿಲ್ಲ. ಅದರ ಗಂಜಿ ಬಿಸಿ ಒಲೆಯ ಮೇಲೆ ಚೆಲ್ಲಿ ಗರಿಗರಿ ಪದರವಾದದ್ದನ್ನು ನೋಡಿ ಹೊಳೆದ ತಿಂಡಿಯಂತೆ ವೀಟೀಸ್. 1924ರಲ್ಲಿ ಪೊಟ್ಟಣದಲ್ಲಿ ಬಂತು. ದನದ ಬಾನಿಗೆ ಹೋಗುತ್ತಿದ್ದದ್ದು ಬೆಳಗಿನ ಬಟ್ಟಲಿಗೆ ಬಂತು. 1928ರಲ್ಲಿ ಈ ಕಂಪನಿಯೇ ಇನ್ನಷ್ಟು ಗಿರಣಿಗಳ ಜತೆ ಸೇರಿ ಜನರಲ್ ಮಿಲ್ಸ್ ಆಯಿತು.

ವಾಪಸು ಬರುವಾಗ ದಾರಿಯಲ್ಲೊಂದು ಅಂಗಡಿಗೆ ಹೋದೆವು. ಚಪಾತಿಗೆ ಹಿಟ್ಟು ಬೇಕಿತ್ತು. ಪೂರ್ತಿ ಗೋಧಿ ಹಿಟ್ಟಿನ ಪೊಟ್ಟಣವನ್ನು ತಂಗಿ ಮಗಳು ಬೆಳಕಿಗೆ ಹಿಡಿದು ಕಂದು ಚುಕ್ಕೆ ನೋಡಿದಳು. ಇಂಥ ಹಿಟ್ಟನ್ನು ದೊಡ್ಡ ಗಿರಣಿಗಳಲ್ಲಿ ಎಷ್ಟೋ ಸಲ ಮಾಡುವುದು ಹೀಗೆ: ಉರುಳೆಯಲ್ಲಿ ಸಿಪ್ಪೆ ಪೂರ್ತಿ ಬಿಡಿಸಿ, ಬಿಳಿ ಹಿಟ್ಟು ಬೇರೆ, ಬೂಸಾ ಬೇರೆ ಮಾಡಿ, ಕೊನೆಗೆ ಅಳತೆ ನೋಡಿ ಎರಡನ್ನೂ ಮತ್ತೆ ಕಲಸುತ್ತಾರೆ. ಪಕ್ಕದಲ್ಲೇ ಬಿಳಿ ಹಿಟ್ಟಿನ ಪೊಟ್ಟಣವೂ ಇತ್ತು, ಅದೇ ತೂಕದ್ದು. ಚುಕ್ಕೆ ಇದ್ದದ್ದಕ್ಕೇ ಬೆಲೆ ಜಾಸ್ತಿ. ಅದನ್ನೇ ತೆಗೆದುಕೊಂಡೆವು.